ಹಿಂದಿನ ಸೀಟಿಗೊಂದು ಒರಗು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಬೈಕು ಒಬ್ಬರದಲ್ಲ, ಮನೆಮಂದಿಯದು. ಬೆಳಿಗ್ಗೆ ಹೊಲಕ್ಕೆ ಗೊಬ್ಬರದ ಚೀಲ ಹೊತ್ತ ಗಾಡಿಯೇ ಮಧ್ಯಾಹ್ನ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಸಂಜೆ ಟ್ಯೂಷನ್ ಮುಗಿಸಿದ ಮಗಳನ್ನು ಮನೆಗೆ ತರಬೇಕು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಉಳಿದ ನಾಲ್ಕು ತಾಲ್ಲೂಕುಗಳ ಜತೆ ವಿಜಯನಗರ ಜಿಲ್ಲೆಗೆ ಸೇರಿತು. ಕಾಗದಪತ್ರಕ್ಕೆ ಹೊಸಪೇಟೆ, ಕಾಯಿಲೆಗೆ ದಾವಣಗೆರೆ ಎಂದು ಅಲ್ಲಿನವರು ಎರಡು ದಿಕ್ಕಿಗೂ ಗಾಡಿ ಓಡಿಸುತ್ತಾರೆ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಇರುವ ಹೆಸರೂ ಹರಪನಹಳ್ಳಿ ತಾಲ್ಲೂಕಿನ ಒಂದು ಊರಿನದೇ. ಅಷ್ಟು ದೂರ ಹಿಂದಿನ ಸೀಟಿನಲ್ಲಿ ಕೂತು ಹೋಗುವವರಲ್ಲಿ ಐವತ್ತು ದಾಟಿದವರು ಬಹಳ. ಓಡಿಸುವವರಿಗೆ ಹ್ಯಾಂಡಲ್ ಇದೆ, ಟ್ಯಾಂಕಿಗೆ ಮೊಣಕಾಲು ಒತ್ತಿ ಕೂರಬಹುದು. ಹಿಂದಿನವರಿಗೆ ಇರುವುದು ಒಂದು ಹಿಡಿಕೆ, ಮತ್ತೆ ಮುಂದಿನವರ ಹೆಗಲು.

‘ಸೊಂಟ ಹಿಡ್ಕಂಬಿಡ್ತೈತಪ್ಪ’ ಎಂದು ಇಳಿಯುವಾಗ ಅಪ್ಪ ಹೇಳಿದರೆ, ಅವತ್ತೇ ಮಗನ ತಲೆಯಲ್ಲಿ ಬ್ಯಾಕ್‌ರೆಸ್ಟಿನ ವಿಚಾರ ಹೊಕ್ಕುತ್ತದೆ. ಫೋನಿನಲ್ಲಿ ಹುಡುಕಿದರೆ ನೂರಾರು ಬಗೆ. ಐದಾರು ನೂರು ರೂಪಾಯಿಗೂ ಇದೆ, ಎರಡು ಸಾವಿರ ದಾಟಿದ್ದೂ ಇದೆ. ಊರ ವೆಲ್ಡಿಂಗ್ ಶಾಪಿನವರು ‘ಯಾಕೆ ತರಿಸ್ತೀಯ, ನಾವೇ ಮಾಡಿಕೊಡ್ತೀವಿ’ ಅನ್ನುತ್ತಾರೆ. ಗ್ಯಾರೇಜಿನ ಮೇಸ್ತ್ರಿ ಅದೆಲ್ಲ ಬೇಡವೇ ಬೇಡ ಅನ್ನುತ್ತಾರೆ. ಮೂವರ ಮಾತಿನಲ್ಲೂ ಹುರುಳಿದೆ. ಹಾಕಿಸಬೇಕೋ ಬೇಡವೋ ಎಂಬುದು ಗಾಡಿಯ ಮಾಡೆಲ್ ನೋಡಿ ತೀರ್ಮಾನವಾಗುವಂಥದ್ದಲ್ಲ. ಹಿಂದೆ ಯಾರು ಕೂರುತ್ತಾರೆ, ಹೇಗೆ ಕೂರುತ್ತಾರೆ ಎಂಬುದನ್ನು ಮೊದಲು ನೋಡಬೇಕು. ಹಾಕಿಸುವುದೇ ಆದರೆ ಮೆತ್ತೆಯಲ್ಲಿ ದುಡ್ಡು ಉಳಿಸಬಹುದು, ಮೆತ್ತೆಯನ್ನು ಹಿಡಿದಿರುವ ಕಬ್ಬಿಣದಲ್ಲಿ ಉಳಿಸಬಾರದು.

ಹಾಕಿಸಬೇಕು ಅನ್ನುವವರ ಪರವಾಗಿ ಹೇಳಲು ಬಹಳ ಇದೆ. ಹೊಸಪೇಟೆಯಿಂದ ಕೂಡ್ಲಿಗಿ ಮೇಲೆ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ನಾಲ್ಕು ಪಥದ್ದು. ಅಲ್ಲಿ ಗಾಡಿ ಒಂದೇ ಸಮನೆ ಓಡುತ್ತದೆ, ಎದುರುಗಾಳಿ ಹಿಂದಿನವರ ಎದೆಗೂ ಬಡಿಯುತ್ತದೆ. ಹಿಂದೆ ಆಸರೆ ಇಲ್ಲದವರು ಆ ಗಾಳಿಗೆ ಬೆನ್ನು ಬಗ್ಗಿಸಿ, ಹೊಟ್ಟೆಯ ಸ್ನಾಯು ಬಿಗಿಹಿಡಿದು ಕೂರಬೇಕಾಗುತ್ತದೆ. ಅರ್ಧ ಗಂಟೆಯಲ್ಲಿ ಸೊಂಟ ಸೋಲುತ್ತದೆ. ಗೇರ್ ಬದಲಿಸಿ ಎಕ್ಸಲರೇಟರ್ ತಿರುವಿದಾಗಲೆಲ್ಲ ಮೈ ಹಿಂದಕ್ಕೆ ವಾಲುತ್ತದೆ. ದಿಬ್ಬ ಏರುವಾಗಲೂ ಅಷ್ಟೇ. ಬೆನ್ನಿಗೆ ಒಂದು ಅಂಗೈ ಅಗಲದ ಮೆತ್ತೆ ಸಿಕ್ಕರೂ ಆ ವಾಲಿಕೆ ಅಲ್ಲೇ ನಿಲ್ಲುತ್ತದೆ. ಕೈ ಬಿಗಿಹಿಡಿಯುವುದು ತಪ್ಪುತ್ತದೆ, ಉಸಿರು ಸಲೀಸಾಗುತ್ತದೆ.

ಕೈಯಲ್ಲಿ ಬಲ ಕಡಿಮೆಯಾದವರ ವಿಷಯದಲ್ಲಿ ಇದು ಬರೀ ಆರಾಮದ ಮಾತಲ್ಲ. ಲಕ್ವ ಹೊಡೆದು ಒಂದು ಕೈ ಸೋತವರು, ಕೀಲುನೋವಿನಿಂದ ಬೆರಳು ಮಡಚಲಾಗದವರು, ಆಪರೇಷನ್ ಆಗಿ ಹೊಲಿಗೆ ಬಿಚ್ಚಿಸಲು ಹೊರಟವರು ಹಿಡಿಕೆಯನ್ನೇ ನಂಬಿ ಕೂರಲಾರರು. ಮುಂದಿನವರ ಹೆಗಲನ್ನೋ ಅಂಗಿಯನ್ನೋ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಅದರಿಂದ ಓಡಿಸುವವರ ತೋಳಿಗೆ ಜಗ್ಗು, ಹ್ಯಾಂಡಲ್ಲಿಗೆ ಜಗ್ಗು. ಬೆನ್ನಿಗೆ ಆಸರೆ ಇದ್ದರೆ ಆ ಹಿಡಿತ ಸಡಿಲವಾಗಿ ಮುಂದಿನವರಿಗೂ ಗಾಡಿ ಹತೋಟಿಗೆ ಸಿಗುತ್ತದೆ. ಬ್ಯಾಕ್‌ರೆಸ್ಟು ಶೋಕಿ ಎಂದು ಸುಲಭವಾಗಿ ತಳ್ಳಿಹಾಕುವವರು ಅಪ್ಪನನ್ನು ಕೂರಿಸಿಕೊಂಡು ಒಮ್ಮೆ ದಾವಣಗೆರೆಗೆ ಹೋಗಿಬಂದು ಮಾತಾಡಲಿ.

ಇನ್ನು ಆ ಕಡೆಯ ವಾದ. ಬೆನ್ನು ನೋಯುವುದು ಬರೀ ಹಿಂದಕ್ಕೆ ವಾಲುವುದರಿಂದಲ್ಲ. ಹೆದ್ದಾರಿ ಬಿಟ್ಟು ಊರ ದಾರಿ ಹಿಡಿದರೆ ಹಂಪು, ಗುಂಡಿ, ಪೈಪಿಗಾಗಿ ಅಗೆದು ಮುಚ್ಚಿದ ಕಟ್ಟು, ಸುಗ್ಗಿಯಲ್ಲಿ ರಸ್ತೆಯ ಮೇಲೇ ಹರವಿದ ತೆನೆ. ಅಲ್ಲಿ ಪೆಟ್ಟು ಬರುವುದು ಕೆಳಗಿನಿಂದ. ಅದು ಸೀಟಿನ ಮೂಲಕ ಬೆನ್ನುಮೂಳೆಗೆ ನೇರವಾಗಿ ಏರುತ್ತದೆ. ಆ ಪೆಟ್ಟನ್ನು ಬ್ಯಾಕ್‌ರೆಸ್ಟು ತಡೆಯುವುದಿಲ್ಲ. ತಡೆಯಬೇಕಾದದ್ದು ಟಯರಿನ ಗಾಳಿ, ಶಾಕ್‌ಅಬ್ಸಾರ್ಬರು, ಸೀಟಿನ ಫೋಮು. ಸ್ಪ್ಲೆಂಡರ್ ತರಹದ ಗಾಡಿಗಳಲ್ಲಿ ಹಿಂದಿನ ಶಾಕ್‌ಅಬ್ಸಾರ್ಬರಿಗೆ ಐದು ಹಂತದ ರಿಂಗು ಇರುತ್ತದೆ. ಒಬ್ಬರೇ ಓಡಿಸುವಾಗ ಒಂದು ಹಂತ, ಇಬ್ಬರಾದಾಗ ಇನ್ನೊಂದು. ಕೊಂಡ ದಿನದಿಂದ ಆ ರಿಂಗನ್ನು ಮುಟ್ಟದ ಗಾಡಿಗಳೇ ಜಾಸ್ತಿ. ಸ್ಪ್ರಿಂಗು ಪೂರ್ತಿ ಕೂತುಬಿಟ್ಟ ಗಾಡಿ ಹಂಪು ಹಾರಿದಾಗ ಕಟ್ ಎಂದು ಬಡಿಯುತ್ತದೆಯಲ್ಲ, ಆ ಪೆಟ್ಟಿಗೇ ಅವ್ವ ಅಪ್ಪ ಅನ್ನುವುದು. ರಿಂಗು ತಿರುಗಿಸಲು ದುಡ್ಡು ಬೇಕಿಲ್ಲ. ಹಳೆಯ ಸೀಟಿನ ಫೋಮು ಕುಸಿದಿದ್ದರೆ ಕುಷನ್ ಅಂಗಡಿಯಲ್ಲಿ ಹೊಸದು ಹಾಕಿಸಲು ಬ್ಯಾಕ್‌ರೆಸ್ಟಿನಷ್ಟು ಖರ್ಚೂ ಬರಲಾರದು. ಮೇಸ್ತ್ರಿ ‘ಬೇಡ’ ಅನ್ನುವುದರಲ್ಲಿ ಈ ತಿಳಿವಳಿಕೆ ಇದೆ.

ಬ್ರೇಕ್ ಹಾಕಿದಾಗಲೂ ಅಷ್ಟೆ. ಹಿಂದಿನವರು ಜಾರುವುದು ಮುಂದಕ್ಕೆ, ಹಿಂದಕ್ಕಲ್ಲ. ಪಕ್ಕಕ್ಕೆ ಬೀಳುವವರನ್ನೂ ಬೆನ್ನ ಹಿಂದಿನ ಮೆತ್ತೆ ಹಿಡಿಯುವುದಿಲ್ಲ. ನನಗೆ ಭಯವಾಗುವುದು ಇಲ್ಲೇ. ಒರಗಲು ಜಾಗ ಸಿಕ್ಕಿತೆಂದರೆ ಕಣ್ಣು ಎಳೆಯುತ್ತದೆ. ಮಾಘದಲ್ಲಿ ಕೊಟ್ಟೂರೇಶ್ವರನ ತೇರು, ಭರತ ಹುಣ್ಣಿಮೆಯ ಸುಮಾರಿಗೆ ಉಚ್ಚಂಗಿದುರ್ಗ, ಮೈಲಾರದ ಕಾರ್ಣಿಕ. ಆ ದಿನಗಳಲ್ಲಿ ಈ ರಸ್ತೆಗಳ ಮೇಲೆ ರಾತ್ರಿಯೆಲ್ಲ ಗಾಡಿಗಳು ಓಡಾಡುತ್ತವೆ, ಜಾತ್ರೆ ಮುಗಿಸಿ ನಿದ್ದೆಗೆಟ್ಟ ಜನ ಹಿಂದೆ ಕೂತಿರುತ್ತಾರೆ. ಆಸರೆ ಇಲ್ಲದಿದ್ದಾಗ ಬೀಳುವ ಅಂಜಿಕೆಗಾದರೂ ಎಚ್ಚರವಾಗಿರುತ್ತಿದ್ದವರು ಒರಗು ಸಿಕ್ಕಾಗ ತೂಕಡಿಸುತ್ತಾರೆ. ಮಕ್ಕಳ ವಿಷಯದಲ್ಲಂತೂ ಬ್ಯಾಕ್‌ರೆಸ್ಟನ್ನು ರಕ್ಷಣೆ ಎಂದು ತಿಳಿಯಲೇಬಾರದು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವನ್ನು ಓಡಿಸುವವರ ಮೈಗೆ ಸೇರಿಸಿ ಕಟ್ಟುವ ಬೆಲ್ಟು, ಮಗುವಿನ ತಲೆಗೆ ಹೆಲ್ಮೆಟ್, ಗಂಟೆಗೆ 40 ಕಿ.ಮೀ. ಮೀರದ ವೇಗ ಇರಬೇಕೆಂದು ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ನಿಯಮ ಹೊರಡಿಸಿತು. ಮಗುವಿಗೆ ಬೇಕಾದದ್ದು ಆ ಬೆಲ್ಟು.

ಈಗ ಸೀರೆಯುಟ್ಟು ಒಂದೇ ಕಡೆ ಕಾಲು ಬಿಟ್ಟು ಕೂರುವ ಹೆಂಗಸರ ವಿಚಾರ. ಅಂಗಡಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಆದರೆ ಈ ಐದು ತಾಲ್ಲೂಕುಗಳಲ್ಲಿ ಹಿಂದಿನ ಸೀಟಿನ ಮುಖ್ಯ ಪ್ರಶ್ನೆಯೇ ಇದು. ಬ್ಯಾಕ್‌ರೆಸ್ಟು ಎಲ್ಲಿ ತಯಾರಾದರೂ ಎರಡೂ ಕಡೆ ಕಾಲು ಹಾಕಿ ಕೂರುವವರಿಗೆಂದೇ ತಯಾರಾದದ್ದು. ಹೋಂಡಾ ಗೋಲ್ಡ್ ವಿಂಗ್‌ನಂಥ ದೊಡ್ಡ ಗಾಡಿಗಳಲ್ಲಿ ಹಿಂದಿನವರಿಗೆ ಕುರ್ಚಿಯಂಥ ಸೀಟು ಇರುತ್ತದೆ. ಅದೂ ಹಾಗೆ ಕೂತು ದಿನಗಟ್ಟಲೆ ಹೆದ್ದಾರಿಯಲ್ಲಿ ಹೋಗುವವರಿಗೆ. ಎಡಕ್ಕೆ ಮುಖ ಮಾಡಿ ಕೂತವರಿಗೆ ಅದೇ ಮೆತ್ತೆ ಬೆನ್ನಿಗೆ ಬರುವುದಿಲ್ಲ, ಎಡ ಪಕ್ಕೆಗೆ ಬರುತ್ತದೆ. ಬೆನ್ನ ಹಿಂದೆ ಇರುವುದು ಬಲಗಡೆಯ ಬಯಲು.

ಹಾಗೆಂದು ಅವರಿಗೆ ಪ್ರಯೋಜನವೇ ಇಲ್ಲ ಅನ್ನಲೂ ಆಗದು. ಕೂತಿರುವವರನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಬಲಗೈ ಮುಂದಿನವರ ಹೆಗಲ ಮೇಲೆ ಅಥವಾ ನಡುವಿಗೆ, ಎಡಗೈ ಸೀಟಿನ ಹಿಂದಿನ ಹಿಡಿಕೆಗೆ. ಆ ಹಿಡಿಕೆ ಸೀಟಿನ ಮಟ್ಟದಲ್ಲೇ ಇರುವುದರಿಂದ ಎಡ ಹೆಗಲು ಕೆಳಕ್ಕೆ ಜಗ್ಗಿ, ಮೈ ಸೊಟ್ಟಗಾಗುತ್ತದೆ. ಬ್ಯಾಕ್‌ರೆಸ್ಟಿನ ಪೈಪು ಅಲ್ಲಿದ್ದರೆ ಎಡಗೈಯನ್ನು ಅದರ ಸುತ್ತ ಹಾಕಿ, ಮೊಣಕೈ ಊರಿ ನೇರವಾಗಿ ಕೂರಬಹುದು. ಗಾಡಿ ಮುಂದೆ ಜಿಗಿದಾಗ ಪಕ್ಕೆ ಮೆತ್ತೆಗೆ ತಾಗಿ ನಿಲ್ಲುತ್ತದೆ. ಅಷ್ಟರಮಟ್ಟಿಗೆ ಅದು ಒಳ್ಳೆಯ ಹಿಡಿಕೆ. ಆದರೆ ಮೆತ್ತೆಯ ದಪ್ಪ ಸೀಟಿನ ಉದ್ದವನ್ನು ನಾಲ್ಕೈದು ಬೆರಳು ತಿನ್ನುತ್ತದೆ. ಅಡ್ಡ ಕೂರುವವರಿಗೆ ಆ ನಾಲ್ಕು ಬೆರಳೇ ಬೇಕಾದ ಜಾಗ. ಜಾಗ ಸಾಲದಿದ್ದಾಗ ಅವರು ಸೀಟಿನ ಅಂಚಿಗೆ ಸರಿಯುತ್ತಾರೆ, ಅದು ಮೊದಲಿಗಿಂತ ಅಪಾಯ. ಸೆರಗು, ದುಪಟ್ಟಾ ಸಿಕ್ಕಿಕೊಳ್ಳಲು ಪೈಪಿನ ತುದಿ, ತಿರುಪು, ಬೋಲ್ಟಿನ ತಲೆ ಬೇರೆ.

ಅಡ್ಡ ಕೂರುವವರಿಗೆ ಮೊದಲು ಬೇಕಾದದ್ದು ಪಾದ ಪೂರ್ತಿ ಊರುವಷ್ಟು ಅಗಲದ ಹಲಗೆ ಮತ್ತು ಅಲುಗಾಡದ ಹಿಡಿಕೆ. ಕೇಂದ್ರ ಮೋಟಾರು ವಾಹನಗಳ ನಿಯಮಾವಳಿ 1989ರಲ್ಲಿ ಬಂದದ್ದು. ಅದರ 123ನೇ ನಿಯಮ ಹಿಂದೆ ಕೂತವರಿಗಾಗಿಯೇ ಮೂರು ವಸ್ತುಗಳನ್ನು ಹೇಳುತ್ತದೆ: ಕಾಯಂ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ಕವಚ. ನಾವು ಸಾರಿ ಗಾರ್ಡ್ ಅನ್ನುವುದು ಈ ಕವಚಕ್ಕೇ. ಬ್ಯಾಕ್‌ರೆಸ್ಟು ಆ ಪಟ್ಟಿಯಲ್ಲಿಲ್ಲ. ಚಂದ ಕಾಣುವುದಿಲ್ಲವೆಂದು ಸಾರಿ ಗಾರ್ಡ್ ಬಿಚ್ಚಿಟ್ಟು ಅದೇ ಗಾಡಿಗೆ ಬ್ಯಾಕ್‌ರೆಸ್ಟು ಹಾಕಿಸುವ ಹುಡುಗರಿದ್ದಾರೆ. ತಾಯಿಯ ಮೇಲಿನ ಕಾಳಜಿ ನಿಜವೇ ಇರಬಹುದು, ಆದರೆ ಬಿಚ್ಚಿದ್ದು ಜೀವ ಉಳಿಸುವ ವಸ್ತು.

ಹತ್ತಿ ಇಳಿಯುವ ಕಷ್ಟ ಇನ್ನೊಂದು. ಸೀಟಿನ ಹಿಂದೆ ಒಂದಡಿ ಎತ್ತರದ ಗೂಟ ನಿಂತಮೇಲೆ ಕಾಲು ಬೀಸಿ ಹತ್ತಲಾಗುವುದಿಲ್ಲ. ಮೊದಲು ಫುಟ್‌ರೆಸ್ಟಿನ ಮೇಲೆ ಎಡಗಾಲಿಟ್ಟು, ಮೇಲೆದ್ದು, ಬಲಗಾಲನ್ನು ಮಡಚಿ, ಮುಂದಿನವರ ಬೆನ್ನಿಗೂ ಮೆತ್ತೆಗೂ ನಡುವಿನ ಸಂದಿಯಲ್ಲಿ ತೂರಿಸಬೇಕು. ಮೊಣಕಾಲು ನೋವಿರುವ ಅರವತ್ತರ ಪಂಚೆಯ ಹಿರಿಯರಿಗೆ ಇದು ಸಣ್ಣ ಕೆಲಸವಲ್ಲ. ಬ್ಯಾಕ್‌ರೆಸ್ಟು ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದನ್ನು ದಾಟುವುದು ಹೆಚ್ಚು ಕಷ್ಟ. ಗಾಡಿಯನ್ನು ಕಟ್ಟೆಯ ಪಕ್ಕ ನಿಲ್ಲಿಸಿ ಹತ್ತಿಸಿಕೊಳ್ಳುವ ಮನೆಗಳಿವೆ. ಅದು ಒಳ್ಳೆಯ ಉಪಾಯ. ಇಳಿಯುವ ಕಡೆ ಕಟ್ಟೆ ಇರಬೇಕಲ್ಲ.

ನಮ್ಮ ಗಾಡಿಗಳು ಹೊರೆಯನ್ನೂ ಹೊರುತ್ತವೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಹೂ ಅರಳುವ ಮುಂಚೆ ಪೇಟೆ ಸೇರಬೇಕಾದರೆ ಅದನ್ನು ಬೈಕೇ ಒಯ್ಯಬೇಕು. ಮೆಕ್ಕೆಜೋಳದ ಬೀಜ, ಔಷಧ ಹೊಡೆಯುವ ಟ್ಯಾಂಕು, ಹಾಲಿನ ಕ್ಯಾನು, ಈರುಳ್ಳಿ ಚೀಲ, ಎಲ್ಲ ಆ ಹಿಂದಿನ ಸೀಟಿನ ಮೇಲೇ. ಕಾಯಂ ಆಗಿ ನಿಂತ ಬ್ಯಾಕ್‌ರೆಸ್ಟು ಅಡ್ಡ ಇಡುವ ಚೀಲಕ್ಕೆ ತೊಡಕು. ಕೆಲವರು ಅದನ್ನೇ ಹಗ್ಗ ಬಿಗಿಯುವ ಗೂಟ ಮಾಡಿಕೊಳ್ಳುತ್ತಾರೆ. ಅನುಕೂಲವೇನೋ ಹೌದು, ಆದರೆ ಐವತ್ತು ಕೆಜಿ ಚೀಲ ಜಗ್ಗಿದ ಕಬ್ಬಿಣಕ್ಕೇ ಮರುದಿನ ಅಪ್ಪನ ಬೆನ್ನು ಒರಗಬೇಕು. ಕೈಯಲ್ಲೇ ತಿರುವಿ ಬಿಚ್ಚುವ ತಿರುಪಿನ ಬ್ಯಾಕ್‌ರೆಸ್ಟು ಈ ಊರುಗಳಿಗೆ ಸರಿಹೋಗುತ್ತದೆ. ಅದರ ಬೆಲೆ ಸ್ವಲ್ಪ ಜಾಸ್ತಿ, ತಿರುಪು ಸಡಿಲವಾಗುವ ಚಿಂತೆಯೂ ಜಾಸ್ತಿ. ಟಿವಿಎಸ್ ಎಕ್ಸ್‌ಎಲ್ 100ರ ಹಿಂದಿನ ಸೀಟನ್ನೇ ಬಿಚ್ಚಿಡಬಹುದು. ಅಂಥ ಗಾಡಿಗೆ ಕಾಯಂ ಗೂಟ ನೆಡಿಸುವುದು ಗಾಡಿಯ ಗುಣವನ್ನೇ ಕೆಡಿಸಿದಂತೆ.

ದುಡ್ಡಿನ ವಿಷಯಕ್ಕೆ ಬರೋಣ. ಕಂಪನಿಯದ್ದೇ ಹಾಕಿಸಿ ಅನ್ನುವವರ ಮಾತು ಸರಳ: ಅಳತೆ ಸರಿ ಇರುತ್ತದೆ, ಬೋಲ್ಟು ಗಾಡಿಯ ಸ್ವಂತ ತೂತುಗಳಿಗೇ ಬೀಳುತ್ತದೆ, ಹೊಸ ಗಾಡಿಯ ವಾರಂಟಿಗೆ ತಕರಾರಿಲ್ಲ. ಬಜಾಜ್ ಅವೆಂಜರ್ ಕ್ರೂಸ್ ಬ್ಯಾಕ್‌ರೆಸ್ಟ್ ಜತೆಗೇ ಬರುತ್ತಿತ್ತು. 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ಸೂಪರ್‌ನೋವಾ ಮಾದರಿಗೂ ಇದೆ. ಇಂಥ ಗಾಡಿಗಳ ಸೀಟು ತಗ್ಗು, ಕೂರುವ ಭಂಗಿಯೂ ಒರಗಿ ಕೂರುವುದಕ್ಕೆ ಹೊಂದುವಂಥದ್ದು. ಕಂಪನಿ ಬಿಡಿಭಾಗದಲ್ಲಿ ಮೆತ್ತೆಗೊಂದು ಬೆಲೆ, ಅದನ್ನು ಹಿಡಿಯುವ ಕಬ್ಬಿಣಕ್ಕೆ ಇನ್ನೊಂದು ಬೆಲೆ ಇರುವುದುಂಟು. ಎರಡನ್ನೂ ಕೂಡಿಸಿ ನೋಡದೆ ಅಗ್ಗವಾಯಿತೆಂದು ಹೊರಡಬಾರದು. ಆದರೆ ನಮ್ಮ ಊರುಗಳಲ್ಲಿ ಹೆಚ್ಚು ಕಾಣುವ ನೂರು, ನೂರಿಪ್ಪತ್ತೈದು ಸಿಸಿ ಗಾಡಿಗಳಿಗೆ ಷೋರೂಮಿನಲ್ಲಿ ಬ್ಯಾಕ್‌ರೆಸ್ಟು ಕೇಳಿದರೆ ಇಲ್ಲ ಅನ್ನುವುದೇ ವಾಡಿಕೆ. ಅಲ್ಲಿಗೆ ಆ ದಾರಿ ಮುಗಿಯಿತು.

ಉಳಿದದ್ದು ಬೇರೆಯವರು ಮಾಡಿದ ಸಿದ್ಧ ಮಾಲು ಮತ್ತು ಊರ ವೆಲ್ಡಿಂಗು. ಸಿದ್ಧ ಮಾಲಿನಲ್ಲಿ ಒಳ್ಳೆಯದೂ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ತರುವುದಾದರೆ ಮೋಸ ಕಡಿಮೆ. ಫೋನಿನಲ್ಲಿ ತರಿಸಿದರೆ ಚಿತ್ರ ಒಂದು, ಬಂದದ್ದು ಇನ್ನೊಂದು. ಎಲ್ಲ ಗಾಡಿಗೂ ಆಗುತ್ತದೆ ಎಂದು ಬರೆದಿದ್ದರೆ ಯಾವ ಗಾಡಿಗೂ ಸರಿಯಾಗಿ ಕೂರುವುದಿಲ್ಲ ಎಂದೇ ತಿಳಿಯಬೇಕು. ಪಲ್ಸರ್ ತರಹ ಹಿಡಿಕೆ ಎರಡು ತುಂಡಾಗಿರುವ ಗಾಡಿಗೆ ಒಂದೇ ಪಟ್ಟಿಯ ಕ್ಲಾಂಪು ಹಿಡಿಯುವುದಿಲ್ಲ. ಎರಕದ ಅಲ್ಯೂಮಿನಿಯಂ ಹಿಡಿಕೆಗೆ ಕ್ಲಾಂಪು ಬಿಗಿದರೆ ಅದು ಬಾಗುವುದಿಲ್ಲ, ಒಂದು ದಿನ ಸೀಳುತ್ತದೆ. ಸ್ಕೂಟರಿನಲ್ಲಿ ಇನ್ನೊಂದು ತೊಡಕು. ಸೀಟು ಮುಂದಿನ ಕೀಲಿನ ಮೇಲೆ ಏಳುತ್ತದೆ, ಮೆತ್ತೆ ಸೀಟಿನ ಮೇಲೆ ಚಾಚಿಕೊಂಡಿದ್ದರೆ ಸೀಟು ತೆರೆಯುವುದೇ ಇಲ್ಲ. ಹಳೆಯ ಆಕ್ಟಿವಾದಲ್ಲಿ ಪೆಟ್ರೋಲ್ ಮುಚ್ಚಳ ಸೀಟಿನ ಕೆಳಗೇ ಇದೆ. ಪ್ರತಿ ಸಲ ಬಂಕಿನಲ್ಲಿ ಸ್ಪ್ಯಾನರ್ ಹಿಡಿದು ನಿಲ್ಲುವುದು ಯಾರಿಗೆ ಬೇಕು? ತೆರಿಗೆಯ ವಿಷಯದಲ್ಲಿ ಮಾತ್ರ ಗಿರಾಕಿಗೆ ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಬೈಕಿನ ಬಿಡಿಭಾಗಗಳದ್ದೂ ಇಳಿಯಿತು. ಹಳೆಯ ದರ ಹೇಳುವ ಅಂಗಡಿಯಲ್ಲಿ ಬಿಲ್ಲು ಕೇಳಿ ನೋಡಬೇಕು.

ವೆಲ್ಡಿಂಗ್ ಶಾಪಿನ ಕೆಲಸವನ್ನು ನಾನು ಕೀಳಾಗಿ ಕಾಣುವುದಿಲ್ಲ. ಟ್ರಾಲಿ, ಕುಂಟೆ, ಗೇಟು, ಕಿಟಕಿ ಮಾಡುವ ಕೈಗಳು ಅವು. ಕೂರುವವರನ್ನೇ ಗಾಡಿಯ ಮೇಲೆ ಕೂರಿಸಿ, ಸೊಂಟದ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಪೈಪು ಬಗ್ಗಿಸಿ, ಕೆಳಗೆ ಎರಡು ಪಟ್ಟಿ ಕೂರಿಸುತ್ತಾರೆ. ಅಲ್ಲಿಂದ ಕುಷನ್ ಅಂಗಡಿಗೆ. ಅವರು ಪ್ಲೈವುಡ್ ತುಂಡಿಗೆ ಫೋಮು ಅಂಟಿಸಿ, ರೆಕ್ಸಿನ್ ಎಳೆದು ಹಿಂದೆ ಪಿನ್ನು ಹೊಡೆಯುತ್ತಾರೆ. ಅಪ್ಪನ ಬೆನ್ನಿನ ಅಳತೆಗೆ ಮಾಡಿದ ಒರಗು ಯಾವ ಕಂಪನಿಯಲ್ಲೂ ಸಿಗುವುದಿಲ್ಲ. ಎತ್ತರ ಕಡಿಮೆ ಬೇಕೆಂದರೆ ಅಲ್ಲೇ ಕತ್ತರಿಸುತ್ತಾರೆ, ಮುಂದಕ್ಕೆ ಬೇಕೆಂದರೆ ಬಗ್ಗಿಸುತ್ತಾರೆ. ಹಾಳಾದರೆ ಅದೇ ಅಂಗಡಿಗೆ ಹೋಗಿ ಕೇಳಬಹುದು. ತರಿಸಿದ ಮಾಲು ಮುರಿದರೆ ಯಾರನ್ನು ಕೇಳುವುದು?

ಆದರೆ ಮೂರು ಮಾತಿಗೆ ಅಲ್ಲಿ ಪಟ್ಟು ಹಿಡಿಯಬೇಕು. ಗಾಡಿಯ ಮೇಲೇ ವೆಲ್ಡಿಂಗ್ ಕಡ್ಡಿ ಇಡಲು ಬಿಡಬಾರದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಎಂಜಿನನ್ನು ನಡೆಸುವುದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಚಾಸಿಯಲ್ಲಿ ವೆಲ್ಡಿಂಗಿನ ಕರೆಂಟು ಹರಿದರೆ ಅದು ಸುಡಬಹುದು, ಆಗ ಉಳಿಸಿದ ದುಡ್ಡಿನ ಹಲವು ಪಟ್ಟು ಖರ್ಚು. ಹಿಡಿಕೆಯನ್ನು ಬಿಚ್ಚಿ ನೆಲದ ಮೇಲಿಟ್ಟೇ ಕೆಲಸ ಮಾಡಿಸಬೇಕು. ಎರಡನೆಯದು, ಗೂಟವನ್ನು ಹಿಡಿಕೆಯ ತೆಳು ಪೈಪಿಗೆ ಬೆಸೆಯದೆ, ಹಿಡಿಕೆ ಚಾಸಿಗೆ ಕೂರುವ ಬೋಲ್ಟುಗಳವರೆಗೆ ಪಟ್ಟಿ ಇಳಿಸಿ ಅಲ್ಲಿಗೆ ಬಿಗಿಸಬೇಕು. ಮೂರನೆಯದು, ಹಿಂದಿನ ದೀಪ, ಇಂಡಿಕೇಟರು, ನಂಬರ್ ಪ್ಲೇಟು, ಕೆಂಪು ರಿಫ್ಲೆಕ್ಟರು ಒಂದೂ ಮರೆಯಾಗಬಾರದು.

ಎರಡನೆಯ ಮಾತಿನ ಹಿಂದೆ ಒಂದು ಸಣ್ಣ ಲೆಕ್ಕವಿದೆ. ಮೆತ್ತೆ ಬೋಲ್ಟಿಗಿಂತ 30 ಸೆಂಟಿಮೀಟರ್ ಮೇಲಿದೆ ಎನ್ನಿ. ಹಿಂದಿನವರು 20 ಕೆಜಿಯಷ್ಟು ಒರಗಿದರು ಎನ್ನಿ, ಅದೇನೂ ಹೆಚ್ಚಲ್ಲ. ಕೆಳಗಿನ ಪಟ್ಟಿಯಲ್ಲಿ ಮುಂದಿನ ಬೋಲ್ಟಿಗೂ ಹಿಂದಿನ ಬೋಲ್ಟಿಗೂ 6 ಸೆಂಟಿಮೀಟರ್ ಅಂತರವಿದ್ದರೆ ಮುಂದಿನ ಬೋಲ್ಟಿನ ಮೇಲೆ ಬೀಳುವ ಎಳೆತ ಸುಮಾರು 100 ಕೆಜಿ. ಹಂಪು ಹಾರಿದಾಗ ಅದಕ್ಕಿಂತ ಜಾಸ್ತಿ, ಅದೂ ದಿನಕ್ಕೆ ನೂರಾರು ಸಲ. ತಗಡಿನ ಕ್ಲಾಂಪು ಮೊದಲ ತಿಂಗಳು ತಡೆಯುತ್ತದೆ, ಆಮೇಲೆ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಬಣ್ಣದ ಕೆಳಗೆ ಅದು ಕಾಣುವುದಿಲ್ಲ. ಬ್ಯಾಕ್‌ರೆಸ್ಟು ಮುರಿಯುವುದು ಜನ ಪೂರ್ತಿ ನಂಬಿ ಒರಗಿದ ಗಳಿಗೆಯಲ್ಲೇ. ಬ್ಯಾಕ್‌ರೆಸ್ಟು ಇಲ್ಲದ ಗಾಡಿಗಿಂತ ಮುರಿಯುವ ಬ್ಯಾಕ್‌ರೆಸ್ಟಿರುವ ಗಾಡಿ ಕೆಟ್ಟದ್ದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಮೆತ್ತೆ ಹರಿದರೆ ಹೊಲಿಸಬಹುದು. ರೆಕ್ಸಿನ್ ಯಾವ ಬಣ್ಣದ್ದಾದರೂ ಆದೀತು, ಕಪ್ಪು ಬೇಡ. ಏಪ್ರಿಲ್‌ನ ಬಿಸಿಲಲ್ಲಿ ಸಂತೆ ಮುಗಿಸಿ ಬಂದವರ ಬೆನ್ನು ಕಾದ ಕಪ್ಪು ರೆಕ್ಸಿನ್‌ಗೆ ತಾಗಬಾರದು.

ಕಾನೂನಿನ ಹೆದರಿಕೆಯನ್ನು ಕೆಲವರು ಮುಂದೊಡ್ಡುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುವುದು ಆರ್‌ಸಿಯಲ್ಲಿರುವ ವಿವರ ಮೂಲ ತಯಾರಿಕೆಗಿಂತ ಬೇರೆಯಾಗುವಂಥ ಬದಲಾವಣೆಯನ್ನು. ಬೋಲ್ಟಿನಲ್ಲಿ ಕೂರಿಸಿ ಬೋಲ್ಟಿನಲ್ಲಿ ಬಿಚ್ಚುವ ಮೆತ್ತೆಗೂ ಚಾಸಿ ಕತ್ತರಿಸಿ ಸೀಟು ಉದ್ದ ಮಾಡುವುದಕ್ಕೂ ಬಹಳ ವ್ಯತ್ಯಾಸ. ಎರಡನೆಯದಕ್ಕೆ ಹೋಗಲೇಬಾರದು. ಅದೇ ಕಾಯ್ದೆಯ 128ನೇ ಸೆಕ್ಷನ್ ಹಿಂದೆ ಒಬ್ಬರೇ ಕೂರಬೇಕು ಎನ್ನುತ್ತದೆ. ಬ್ಯಾಕ್‌ರೆಸ್ಟು ಹಾಕಿದ ಗಾಡಿಯಲ್ಲಿ ಮೂರನೆಯವರಿಗೆ ಜಾಗವಿರುವುದಿಲ್ಲ. ಇದನ್ನು ಕೆಲವು ಮನೆಯವರು ದೂರುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಬ್ಯಾಕ್‌ರೆಸ್ಟಿನ ದೊಡ್ಡ ಉಪಕಾರ.

ಅದೇ ದುಡ್ಡಿಗೆ ಬೇರೇನು ಬರುತ್ತದೆ ಎಂಬುದನ್ನೂ ತೂಗಬೇಕು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಕರ್ನಾಟಕದಲ್ಲಿ 2016ರ ಜನವರಿಯಿಂದಲೇ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಕೂಡ್ಲಿಗಿಯಿಂದ ಹಡಗಲಿಯವರೆಗೆ ನಿಂತು ನೋಡಿದರೆ ಹಿಂದಿನವರ ತಲೆಯ ಮೇಲೆ ಅದು ಕಾಣುವುದು ಅಪರೂಪ. ಮನೆಯಲ್ಲಿ ಎರಡನೇ ಐಎಸ್‌ಐ ಹೆಲ್ಮೆಟ್ ಇಲ್ಲದಿದ್ದರೆ ಬ್ಯಾಕ್‌ರೆಸ್ಟಿನ ದುಡ್ಡು ಮೊದಲು ಅದಕ್ಕೆ ಹೋಗಬೇಕು. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಬಸ್ಸಿದೆಯಲ್ಲ ಅನ್ನುವವರೂ ಇದ್ದಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಸೊಂಟನೋವಿನ ಅವ್ವನನ್ನು ದಾವಣಗೆರೆಯವರೆಗೆ ಬೈಕಿನಲ್ಲಿ ಕೂರಿಸುವುದಕ್ಕಿಂತ ಬಸ್ಸು ಹತ್ತಿಸುವುದು ಎಷ್ಟೋ ವಾಸಿ. ಹೊಸಪೇಟೆ–ಹರಿಹರ ರೈಲುಮಾರ್ಗವೂ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೇಲೇ ಹೋಗುತ್ತದೆ, ಕೂಡ್ಲಿಗಿ, ಹಡಗಲಿ ಪಟ್ಟಣಗಳಿಗೆ ಆ ಭಾಗ್ಯವಿಲ್ಲ. ಆದರೆ ಬಸ್ಸು ಹತ್ತಲು ಊರಿಂದ ಕ್ರಾಸಿಗೆ ಬರಬೇಕು, ಡಾಕ್ಟರು ಕೊಟ್ಟ ಹೊತ್ತಿಗೆ ಬಸ್ಸು ಸಿಗಬೇಕು, ಬಂದ ಬಸ್ಸಿನಲ್ಲಿ ಸೀಟು ಸಿಗಬೇಕು. ಗುಡೇಕೋಟೆ ಕಡೆಯ ಗುಡ್ಡದಂಚಿನ ಹಳ್ಳಿಯವರಿಗೆ ಬಸ್ಸಿನ ಮಾತು ಹೇಳಿ ನುಣುಚಿಕೊಳ್ಳಲಾಗದು. ಅಲ್ಲಿ ಬೈಕಿನ ಹಿಂದಿನ ಸೀಟೇ ಆಂಬುಲೆನ್ಸ್.

ಇಷ್ಟೂ ತೂಗಿದ ಮೇಲೆ, ಎರಡೂ ಕಡೆ ಕಾಲು ಹಾಕಿ ಕೂರುವ, ವಾರಕ್ಕೊಮ್ಮೆಯಾದರೂ ಇಪ್ಪತ್ತು ಮೂವತ್ತು ಕಿಲೋಮೀಟರ್ ಹೋಗಲೇಬೇಕಾದ, ಕೈಬಲ ಕಡಿಮೆಯಾದ ಹಿರಿಯರು ಮನೆಯಲ್ಲಿದ್ದರೆ ಹಾಕಿಸಿ ಎಂದೇ ಹೇಳುತ್ತೇನೆ. ಎತ್ತರ ಸೊಂಟದ ಮಟ್ಟಕ್ಕಿದ್ದರೆ ಸಾಕು, ಹೆಗಲವರೆಗೆ ಬೇಡ. ತಗ್ಗಾದಷ್ಟೂ ಹತ್ತಲು ಸುಲಭ, ಬೋಲ್ಟಿನ ಮೇಲೆ ಎಳೆತವೂ ಕಡಿಮೆ. ಹಿಂದಿನ ಚಕ್ರದ ನಡುವಿಗಿಂತ ಬಹಳ ಹಿಂದಕ್ಕೆ ಹೋಗದಂತೆ ಕೂರಿಸಬೇಕು. ಇಲ್ಲದಿದ್ದರೆ ತೂಕವೆಲ್ಲ ಹಿಂದಕ್ಕೆ ಬಿದ್ದು ಮರಳಿನ ದಾರಿಯಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ. ಸೀರೆಯುಟ್ಟು ಅಡ್ಡ ಕೂರುವವರೇ ಹೆಚ್ಚಾಗಿ ಬರುವ ಮನೆಯಲ್ಲಿ ಆ ದುಡ್ಡನ್ನು ಅಗಲ ಹಲಗೆಗೆ, ಒಳ್ಳೆಯ ಹಿಡಿಕೆಗೆ, ಸೀಟಿನ ಫೋಮಿಗೆ ಹಾಕುವುದು ಮೇಲು. ಇಬ್ಬರೂ ಇರುವ ಮನೆಯಲ್ಲಿ ಬಿಚ್ಚುವ ಬಗೆಯದು. ತೀರ್ಮಾನವನ್ನು ಓಡಿಸುವವರು ಒಬ್ಬರೇ ಮಾಡಬಾರದು. ಹಿಂದೆ ಕೂರುವವರನ್ನು ಅಂಗಡಿಗೆ ಕರೆದೊಯ್ದು, ಹತ್ತಿಸಿ, ಇಳಿಸಿ, ಕೇಳಬೇಕು.

ಕೊಳ್ಳುವ ಮುಂಚೆ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಮೆತ್ತೆಯ ಮೇಲ್ತುದಿ ಹಿಡಿದು ಹಿಂದಕ್ಕೂ ಪಕ್ಕಕ್ಕೂ ಬಲವಾಗಿ ಜಗ್ಗಿ ನೋಡಬೇಕು. ಗಾಡಿಯೇ ಅಲುಗಾಡಿದರೆ ಸರಿ, ಬ್ಯಾಕ್‌ರೆಸ್ಟು ಒಂದೇ ಅಲುಗಾಡಿದರೆ ವಾಪಸು ಕೊಡಬೇಕು. ಬೋಲ್ಟಿಗೆ ಸ್ಪ್ರಿಂಗ್ ವಾಷರ್ ಅಥವಾ ನೈಲಾನ್ ಬಳೆಯ ನಟ್ಟು ಹಾಕಿಸಬೇಕು, ಬೋಲ್ಟಿನ ತಲೆಯ ಮೇಲೂ ಪಟ್ಟಿಯ ಮೇಲೂ ಸೇರಿಸಿ ಬಣ್ಣದ ಒಂದು ಗೆರೆ ಎಳೆಯಬೇಕು. ಗೆರೆ ತಪ್ಪಿದರೆ ಬೋಲ್ಟು ತಿರುಗಿದೆ ಎಂದರ್ಥ. ಮೊದಲ ನೂರು ಕಿಲೋಮೀಟರ್ ಆದಮೇಲೆ ಒಮ್ಮೆ ಬಿಗಿಸಬೇಕು, ಆಮೇಲೆ ಆಯಿಲ್ ಬದಲಿಸುವಾಗಲೆಲ್ಲ ಬೆಸುಗೆಯ ಜಾಗವನ್ನು ಚೆನ್ನಾಗಿ ಒರೆಸಿ ಬೆಳಕಿನಲ್ಲಿ ನೋಡಬೇಕು.